ಬಾಲಚರರ ಸುದ್ದಿ ಸಾಗುವ ದಾರಿ

ಬಾಲಚರ ಚಳವಳಿ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಕೊರಳಿಗೆ ಸ್ಕಾರ್ಫ್ ಸುತ್ತಿಕೊಂಡು ಆಗಸ್ಟ್ 15ರಂದು ಸಾಲಾಗಿ ಹೆಜ್ಜೆ ಹಾಕುವ ಮಕ್ಕಳ ಚಿತ್ರ. ಆದರೆ ಈ ಚಳವಳಿಯ ಬೇರು ಇರುವುದು ಕವಾಯತಿನಲ್ಲಲ್ಲ, ಸುದ್ದಿ ಸಾಗಿಸುವ ಕೆಲಸದಲ್ಲಿ. 1899ರಲ್ಲಿ ಬೋಯರ್ ಸೈನ್ಯ ದಕ್ಷಿಣ ಆಫ್ರಿಕದ ಮೆಫೆಕಿಂಗ್ ಪಟ್ಟಣವನ್ನು ಮುತ್ತಿತು. ಮುತ್ತಿಗೆ 217 ದಿನ ನಡೆಯಿತು. ಒಳಗಿದ್ದ ಸೈನಿಕರು ಕಾವಲಿಗೇ ಸಾಲದಿದ್ದುದರಿಂದ ಓಲೆ ಒಯ್ಯುವ ಕೆಲಸವನ್ನು ಊರಿನ ಹುಡುಗರಿಗೆ ವಹಿಸಲಾಯಿತು. ಅವರು ಸೈಕಲ್ಲುಗಳ ಮೇಲೆ ಒಂದು ಠಾಣ್ಯದಿಂದ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಿದರು. ಆ ದಂಡಿನ ನಾಯಕನಾಗಿದ್ದ ಬೇಡನ್ ಪೊವೆಲ್ ಅದನ್ನು ಮರೆಯಲಿಲ್ಲ. 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಆತ ಮೊದಲ ಶಿಬಿರ ನಡೆಸಿದ. ಮರುವರ್ಷ ಜನವರಿಯಿಂದ ‘ಸ್ಕೌಟಿಂಗ್ ಫಾರ್ ಬಾಯ್ಸ್’ ಪುಸ್ತಕ ಹದಿನೈದು ದಿನಕ್ಕೊಂದರಂತೆ ಆರು ಕಂತುಗಳಲ್ಲಿ ಹೊರಬಂದಿತು. ಕಂತೊಂದರ ಬೆಲೆ ನಾಲ್ಕು ಪೆನ್ಸ್.

ಈ ನಾಲ್ಕು ಪೆನ್ಸಿನ ಸಂಗತಿ ಸಣ್ಣದಲ್ಲ. ಹುಡುಗರು ತಮ್ಮ ಕೈಗಾಸಿನಿಂದ ಆ ಕಂತುಗಳನ್ನು ಕೊಂಡು ಓದಿದರು, ತಾವೇ ಗುಂಪು ಕಟ್ಟಿಕೊಂಡರು, ಆಮೇಲೆ ತಮ್ಮನ್ನು ನಡೆಸಲು ಒಬ್ಬ ಹಿರಿಯನನ್ನು ಹುಡುಕಿ ಹೊರಟರು. ಸಂಸ್ಥೆ ಹುಟ್ಟುವ ಮೊದಲೇ ಸದಸ್ಯರು ಹುಟ್ಟಿದ್ದರು. ಬರೆದವನಿಗೂ ಓದುವ ಹುಡುಗನಿಗೂ ನಡುವೆ ಕಚೇರಿಯಿರಲಿಲ್ಲ. ಇಂದು ಚಳವಳಿಯ ಸಂಪರ್ಕವನ್ನು ಆಧುನಿಕಗೊಳಿಸಬೇಕೆಂದು ಎಲ್ಲೆಡೆ ಮಾತು ಕೇಳಿಬರುತ್ತಿದೆ. ಆಗಲೆಲ್ಲ ನನಗೆ ನೆನಪಾಗುವುದು ಈ ಅಗ್ಗದ ಕಂತುಗಳೇ.

ನಮ್ಮ ನಾಡಿಗೆ ಇದು ಬಂದದ್ದು ಬೇಗ, ಎಲ್ಲರಿಗೂ ತೆರೆದದ್ದು ತಡವಾಗಿ. 1909ರಲ್ಲಿ ಕ್ಯಾಪ್ಟನ್ ಟಿ. ಎಚ್. ಬೇಕರ್ ಬೆಂಗಳೂರಿನಲ್ಲಿ ಕಟ್ಟಿದ ದಳವೇ ಭಾರತದ ಮೊದಲನೆಯದು. ಅಲ್ಲಿ ಐರೋಪ್ಯ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗಷ್ಟೇ ಪ್ರವೇಶ. ಭಾರತೀಯ ಬಾಲಕರಿಗಾಗಿ ಆನಿ ಬೆಸೆಂಟರೂ ಅರುಂಡೇಲರೂ 1917ರಲ್ಲಿ ಮದರಾಸಿನಲ್ಲಿ ಬೇರೆ ಸಂಸ್ಥೆ ತೆರೆದರು. ಅದೇ ಕಾಲಕ್ಕೆ ಉತ್ತರದಲ್ಲಿ ಮಾಳವೀಯ, ಕುಂಜ್ರು, ಶ್ರೀರಾಮ ಬಾಜಪೇಯಿ ಅವರ ಸೇವಾ ಸಮಿತಿಯ ದಳಗಳು ಎದ್ದವು. ಇವೆಲ್ಲ ಒಂದುಗೂಡಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆದದ್ದು 1950ರ ನವೆಂಬರ್ 7ರಂದು. ಗೈಡ್ ಸಂಸ್ಥೆ ಮುಂದಿನ ವರ್ಷ ಆಗಸ್ಟ್ 15ರಂದು ಸೇರಿಕೊಂಡಿತು.

ಒಂದಾದುದು ಒಳ್ಳೆಯದೇ ಆಯಿತು. ಆದರೆ ಒಂದಾದ ಸಂಸ್ಥೆಗೆ ಮೆಟ್ಟಿಲುಗಳು ಬೇಕಲ್ಲ. ರಾಷ್ಟ್ರ, ರಾಜ್ಯ, ಜಿಲ್ಲೆ, ಸ್ಥಳೀಯ ಸಂಸ್ಥೆ, ಮುಖ್ಯೋಪಾಧ್ಯಾಯರು, ದಳದ ಶಿಕ್ಷಕರು, ಕಟ್ಟಕಡೆಗೆ ಹುಡುಗ. ಸುತ್ತೋಲೆ ಈ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿಯುತ್ತದೆ. ಮೇಲಿಂದ ಹೊರಟ ಇಂಗ್ಲಿಷು ನಡುವೆ ಎಲ್ಲಿಯಾದರೂ ಕನ್ನಡವಾದರೆ ಅದೃಷ್ಟ. ಶಿಬಿರದ ಆಹ್ವಾನ ಶಿಬಿರ ಮುಗಿದ ಮೇಲೆ ತಲುಪಿದ ಶಾಲೆಯನ್ನು ನಾನು ಬಲ್ಲೆ. ಈಗ ಅದೇ ಸುತ್ತೋಲೆಯ ಚಿತ್ರ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ಅದು ಕ್ಷಣದಲ್ಲಿ ಬರುತ್ತದೆ, ದಿಟ. ಬಂದದ್ದು ಯಾರಿಗೆ? ಶಿಕ್ಷಕರಿಗೆ. ಟಪಾಲಿನವನ ಬದಲು ಫೋನು ಬಂದಿತಷ್ಟೇ; ಓಲೆಯ ಭಾಷೆಯಾಗಲಿ ವಿಳಾಸವಾಗಲಿ ಬದಲಾಗಲಿಲ್ಲ. ಇದನ್ನು ಆಧುನಿಕತೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಾಗಾದರೆ ಆಧುನಿಕವಾಗುವುದೆಂದರೇನು? ಇದನ್ನು ಅಫಜಲಪುರ ತಾಲ್ಲೂಕಿನ ಸೊನ್ನದ ಬಳಿ ನಿಂತು ಯೋಚಿಸುವುದು ಮೇಲು. ಇಲ್ಲಿ ಭೀಮಾ ನದಿಗೆ ಬ್ಯಾರೇಜು ಕಟ್ಟಿದ್ದಾರೆ. ಬೇಸಗೆಯಲ್ಲಿ ಸೊರಗಿರುವ ಈ ಹೊಳೆಗೆ ಮಳೆಗಾಲದಲ್ಲಿ ನೀರು ಬರುವುದು ಇಲ್ಲಿಯ ಆಕಾಶದಿಂದ ಮಾತ್ರವಲ್ಲ, ಮಹಾರಾಷ್ಟ್ರದ ಅಣೆಕಟ್ಟುಗಳ ಬಾಗಿಲುಗಳಿಂದಲೂ ಬರುತ್ತದೆ. ಸೋಲಾಪುರ ಜಿಲ್ಲೆಯ ಉಜನಿ ತುಂಬಿದರೆ, ನೀರಾ ನದಿಯ ವೀರ್ ಅಣೆಕಟ್ಟಿನಿಂದಲೂ ನೀರು ಬಿಟ್ಟರೆ, ಅದೆಲ್ಲವೂ ಹರಿದು ಸೊನ್ನಕ್ಕೆ ಬರಬೇಕು. ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ ಹೊಳೆ ಏರಬಹುದು. 2020ರ ಅಕ್ಟೋಬರಿನಲ್ಲಿ ಭೀಮೆ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ತೀರದ ಊರುಗಳನ್ನು ನುಗ್ಗಿ ಮುಳುಗಿಸಿದಾಗ ಜನರನ್ನು ಪರಿಹಾರ ಕೇಂದ್ರಗಳಿಗೆ ಸಾಗಿಸಬೇಕಾಯಿತು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಹೊಳೆ ಮತ್ತೆ ಉಕ್ಕಿತು.

ಮೇಲಿನಿಂದ ನೀರು ಇಳಿದು ಬರಲು ಕಾಲ ಹಿಡಿಯುತ್ತದೆ. ಸುದ್ದಿ ನೀರಿಗಿಂತ ಮುಂಚೆ ಬಂದರೆ ದನಕರುಗಳೂ ಜೋಳದ ಚೀಲಗಳೂ ಉಳಿಯುತ್ತವೆ. ಸುದ್ದಿಯೇನೋ ಬರುತ್ತದೆ. ‘ಬ್ಯಾರೇಜಿನಿಂದ ಎರಡು ಲಕ್ಷ ಕ್ಯೂಸೆಕ್ ನೀರು ಬಿಡುಗಡೆ’ ಎಂದು ಬರುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರು ನೀರು. ಎರಡು ಲಕ್ಷವೆಂದರೆ ಸೆಕೆಂಡಿಗೆ 56 ಲಕ್ಷ ಲೀಟರು. ಲೆಕ್ಕ ಸರಿಯಾಗಿಯೇ ಇದೆ. ಆದರೆ ಹೊಳೆಯ ದಂಡೆಯ ಹಿರಿಯರೊಬ್ಬರು ನನ್ನನ್ನು ಕೇಳಿದ್ದು ಬೇರೆ: “ಕ್ಯೂಸೆಕ್ ಅಂದ್ರ ಏನ್ರಿ? ನೀರು ಹಣಮಪ್ಪನ ಕಟ್ಟಿಗಿ ಬರ್ತದೋ ಇಲ್ಲೋ, ಅಷ್ಟ ಹೇಳ್ರಿ.” ಇಷ್ಟು ನೀರು ಬಿಟ್ಟಾಗ ಯಾವ ಹಳ್ಳದ ಸೇತುವೆ ಮುಳುಗುತ್ತದೆ, ಯಾರ ಹೊಲದ ಬದುವಿಗೆ ನೀರು ತಾಕುತ್ತದೆ ಎಂಬುದನ್ನು ಕಚೇರಿಯ ಕಾಗದ ಹೇಳಲಾರದು. ಊರಿನಲ್ಲಿ ಹುಟ್ಟಿ ಬೆಳೆದ ಹುಡುಗ ಹೇಳಬಲ್ಲ. ಹಿಂದಿನ ನೆರೆಗಳಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಹಿರಿಯರನ್ನು ಕೇಳಿ, ಆ ದಿನ ಬಿಟ್ಟ ನೀರಿನ ಲೆಕ್ಕವನ್ನು ಅದರ ಪಕ್ಕದಲ್ಲಿ ಬರೆದಿಟ್ಟುಕೊಂಡರೆ ದಳದ ಕೈಯಲ್ಲಿ ಊರಿನದೇ ಒಂದು ಕೋಷ್ಟಕ ಸಿದ್ಧವಾಗುತ್ತದೆ. ಊರಿನ ನಕ್ಷೆ ಬರೆಯುವುದನ್ನು, ದೂರ ಎತ್ತರಗಳನ್ನು ಅಂದಾಜು ಮಾಡುವುದನ್ನು ಬಾಲಚರರಿಗೆ ಮೊದಲಿನಿಂದಲೂ ಕಲಿಸುತ್ತ ಬಂದಿದ್ದಾರೆ. ಆ ವಿದ್ಯೆಗೆ ಇದಕ್ಕಿಂತ ಒಳ್ಳೆಯ ಬಳಕೆ ನನಗೆ ತೋಚದು. ಮಕ್ಕಳನ್ನು ನೀರಿಗೆ ಇಳಿಸಬೇಕೆಂದು ನಾನು ಹೇಳುತ್ತಿಲ್ಲ. ನೆರೆಯ ಹೊತ್ತಿನಲ್ಲಿ ಅವರು ದಂಡೆಯಿಂದ ದೂರವೇ ಇರಬೇಕು. ಅವರ ಕೆಲಸ ನೀರು ಬರುವ ಮುಂಚಿನದು.

ಇಲ್ಲಿ ಇನ್ನೊಂದು ತೊಡಕುಂಟು. ಫೋನಿನಲ್ಲಿ ಸುದ್ದಿಗೆ ತಾರೀಖಿರುವುದಿಲ್ಲ. 2020ರ ನೆರೆಯ ಚಿತ್ರವೊಂದು ಐದು ವರ್ಷದ ಮೇಲೆ ಎದ್ದು ಬಂದು ಇಂದಿನದೆಂದು ಊರೂರು ತಿರುಗಬಲ್ಲದು. ನಾಲ್ಕು ಸಲ ಸುಳ್ಳು ಕೇಳಿದ ಜನ ಐದನೆಯ ಸಲದ ನಿಜವನ್ನು ನಂಬುವುದಿಲ್ಲ. ಬಾಲಚರರ ಹಳೆಯ ಸಂಕೇತ ವಿದ್ಯೆ ಇಲ್ಲಿ ಉಪಯೋಗಕ್ಕೆ ಬರುತ್ತದೆ ಎಂದರೆ ಕೆಲವರು ನಗಬಹುದು. ಎರಡು ಬಾವುಟ ಹಿಡಿದು ಕೈ ಬೀಸುವ ಸೆಮಾಫೋರ್, ಚುಕ್ಕೆ-ಗೆರೆಗಳ ಮೋರ್ಸ್, ಇವನ್ನು ಕಲಿತು ಇಂದು ಆಗಬೇಕಾದ್ದೇನು? ಹಡಗುಗಳು 1999ರಲ್ಲಿ ಮೋರ್ಸನ್ನು ಕೈಬಿಟ್ಟವು. ನಮ್ಮ ದೇಶದ ತಂತಿ ಸೇವೆ 2013ರ ಜುಲೈಯಲ್ಲಿ ನಿಂತಿತು. ಚುಕ್ಕೆ-ಗೆರೆಗಳು ಹೋಗಲಿ. ಅವುಗಳ ಜೊತೆಗೆ ಕಲಿಸುತ್ತಿದ್ದ ಶಿಸ್ತು ಹೋಗಬಾರದು. ಯಾರಿಂದ, ಯಾರಿಗೆ, ಯಾವ ದಿನ, ಎಷ್ಟು ಗಂಟೆಗೆ ಎಂಬುದನ್ನು ಮೊದಲು ಹೇಳಿ ಆಮೇಲೆ ವಿಷಯ ಹೇಳುವುದು. ಕಡಮೆ ಮಾತಿನಲ್ಲಿ ಹೇಳುವುದು. ಕೇಳಿಸಿಕೊಂಡವನು ಅದನ್ನೇ ತಿರುಗಿ ಒಪ್ಪಿಸುವ ತನಕ ಸುದ್ದಿ ಮುಟ್ಟಿತೆಂದು ತಿಳಿಯದಿರುವುದು. ಫೋನಿನಲ್ಲಿ ಸಂದೇಶ ದಾಟಿಸುವ ನೂರು ಮಂದಿಯಲ್ಲಿ ಈ ಮೂರನ್ನೂ ಪಾಲಿಸುವವರು ಎಷ್ಟು ಮಂದಿ?

ಹೊಸ ಸಾಧನವೂ ಹಳೆಯ ಶಿಸ್ತೂ ಒಟ್ಟಿಗೆ ನಡೆದ ಉದಾಹರಣೆ ಚಳವಳಿಯಲ್ಲೇ ಇದೆ. 1958ರಿಂದ ಜಗತ್ತಿನ ಬಾಲಚರರು ಹವ್ಯಾಸಿ ಬಾನುಲಿ ನಿಲಯಗಳ ಮೂಲಕ ಪರಸ್ಪರ ಮಾತಾಡುವ ‘ಜಾಂಬೋರಿ ಆನ್ ದಿ ಏರ್’ ನಡೆಸುತ್ತ ಬಂದಿದ್ದಾರೆ. ಈಗ ಅದು ಅಕ್ಟೋಬರಿನ ಹಬ್ಬ, ಅಂತರಜಾಲದ ಜಾಂಬೋರಿಯೂ ಅದರೊಡನೆ ಸೇರಿದೆ. ಇದು ಬರಿಯ ಆಟವಲ್ಲ. 2004ರ ಡಿಸೆಂಬರಿನ ಸುನಾಮಿಯಲ್ಲಿ ಅಂಡಮಾನಿನ ದೂರವಾಣಿ ಕೆಟ್ಟುನಿಂತಾಗ, ಆಗ ಅಲ್ಲಿದ್ದ ಹವ್ಯಾಸಿ ಬಾನುಲಿ ತಂಡವೇ ದ್ವೀಪದ ಸುದ್ದಿಯನ್ನು ಹೊರಗೆ ಮುಟ್ಟಿಸಿತು. ನೆರೆಯಲ್ಲಿ ಮೊದಲು ಹೋಗುವುದು ವಿದ್ಯುತ್ತು; ಅದರ ಬೆನ್ನಿಗೇ ಫೋನಿನ ಗೋಪುರ ಮೂಕವಾಗಬಹುದು.

ಭಾಷೆಯ ಮಾತನ್ನೂ ಹೇಳಬೇಕು. ಕಲಬುರಗಿ ಸೀಮೆ 1948ರ ತನಕ ನಿಜಾಮರ ಆಳ್ವಿಕೆಯಲ್ಲಿತ್ತು. ಆಡಳಿತವೂ ಮೇಲಿನ ಶಿಕ್ಷಣವೂ ಉರ್ದುವಿನಲ್ಲಿ. ಅರಿಯದ ನುಡಿಯ ಕಾಗದವನ್ನು ಯಾರಿಂದಲೋ ಓದಿಸಿಕೊಳ್ಳುವ ಪಾಡು ಇಲ್ಲಿಯ ಅಜ್ಜಂದಿರಿಗೆ ಗೊತ್ತು. ಇಂದಿಗೂ ಹೊಳೆಸಾಲಿನ ಊರುಗಳಲ್ಲಿ ಕನ್ನಡದ ಜೊತೆಗೆ ದಖನಿ, ಮರಾಠಿ ಕಿವಿಗೆ ಬೀಳುತ್ತವೆ. ದಳದ ಸುದ್ದಿ ಈ ಮಕ್ಕಳ ಬಾಯಿಯಲ್ಲಿ ಅವರ ಮನೆಮಾತಾಗಿ ಹೊರಟರೆ, ತಾಯಂದಿರೂ ಕಿವಿಗೊಡುತ್ತಾರೆ.

ಫೋನನ್ನೇ ನಂಬಿದರೆ ಗೈಡ್ ಹುಡುಗಿಯರು ಹೊರಗುಳಿಯುತ್ತಾರೆಂಬುದೂ ಗಮನದಲ್ಲಿರಬೇಕು. ಮನೆಗೆ ಒಂದೇ ಫೋನಿದ್ದು ಅದು ಅಪ್ಪನ ಜೇಬಿನಲ್ಲೋ ಅಣ್ಣನ ಕೈಯಲ್ಲೋ ಇದ್ದರೆ, ಅವಳಿಗೆಂದು ಕಳಿಸಿದ ಸಂದೇಶ ಅವಳಿಗೆ ತಲುಪುವುದು ಅವರ ಮರ್ಜಿಯ ಮೇಲೆ. ಇನ್ನು ಮಕ್ಕಳ ಹೆಸರು, ಭಾವಚಿತ್ರಗಳನ್ನು ಎಲ್ಲೆಂದರಲ್ಲಿ ಹಾಕುವ ಉತ್ಸಾಹಕ್ಕೂ ಕಡಿವಾಣ ಬೇಕು. 18 ವರ್ಷದೊಳಗಿನವರ ವಿವರಗಳನ್ನು ಹೀಗೆ ಬಳಸಲು ತಂದೆತಾಯಿಗಳ ಒಪ್ಪಿಗೆ ಅಗತ್ಯವೆಂದು 2023ರ ದತ್ತಾಂಶ ರಕ್ಷಣೆಯ ಕಾಯಿದೆ ವಿಧಿಸಿದೆ.

ಆದುದರಿಂದ ಫೋನಿನ ಪಕ್ಕದಲ್ಲಿ ಒಂದು ಕರಿಹಲಗೆಯೂ ಇರಲಿ ಎನ್ನುತ್ತೇನೆ. ಹಣಮಪ್ಪನ ಕಟ್ಟೆಯ ಹತ್ತಿರ, ನಾಲ್ಕು ಜನ ಕೂಡುವ ಕಡೆ. ಮಳೆಗಾಲದ ನಾಲ್ಕು ತಿಂಗಳು ಬೆಳಗ್ಗೆ ಶಾಲೆಗೆ ಹೋಗುವಾಗೊಮ್ಮೆ, ಸಂಜೆ ಮರಳುವಾಗೊಮ್ಮೆ ಸರದಿಯ ಮೇಲೆ ಇಬ್ಬರು ಮಕ್ಕಳು, ಒಬ್ಬ ಹುಡುಗ ಒಬ್ಬ ಹುಡುಗಿ, ಶಿಕ್ಷಕರಿಗೆ ಬ್ಯಾರೇಜಿನ ಕಚೇರಿಯಿಂದ ತಿಳಿದ ಅಂಕಿಯನ್ನು ಅದರ ಮೇಲೆ ಬರೆಯಬೇಕು. ಮೊದಲು ತಾರೀಖು ಮತ್ತು ಗಂಟೆ, ಆಮೇಲೆ ಸುದ್ದಿ ಎಲ್ಲಿಯದೆಂಬುದು, ಕೊನೆಯಲ್ಲಿ ಈ ನೀರು ಊರಿನ ಯಾವ ಗುರುತಿನ ತನಕ ಏರೀತೆಂಬ ಒಂದೇ ಸಾಲು. ಓದುಬಾರದವರಿಗೆ ಒಬ್ಬರು ಗಟ್ಟಿಯಾಗಿ ಓದಿ ಹೇಳಬೇಕು, ಇನ್ನೊಬ್ಬರು ಅವರು ಕೇಳಿಸಿಕೊಂಡದ್ದನ್ನು ಅವರ ಬಾಯಿಂದಲೇ ತಿರುಗಿ ಹೇಳಿಸಬೇಕು. ಹಿಂದಿನ ದಿನದ ಬರಹವನ್ನು ಒರೆಸದೆ ಯಾರೂ ಹೊಸದನ್ನು ಬರೆಯುವಂತಿಲ್ಲ.