ಬಂಗುಡೆ ಬೆಕ್ಕನ್ನು ತಿಂದಿತೇ?

ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಕೇಳುವ ಮಾತು ಇದು.

"ಅಜ್ಜಿ, ಸಬ್ಜೆಕ್ಟ್ ಅಂದ್ರೆ ಎಂತ?"

"ನಂಗೆ ಇಂಗ್ಲಿಷ್ ಎಲ್ಲ ಬರುವುದಿಲ್ಲ ಮಗಾ. ಅಮ್ಮ ಬರಲಿ, ಕೇಳು."

ಅಲ್ಲಿಗೆ ಅಜ್ಜಿ ಅಡುಗೆಮನೆಗೆ, ಪುಸ್ತಕ ಚೀಲಕ್ಕೆ. ಮರುದಿನ ತರಗತಿಯಲ್ಲಿ ಟೀಚರ್ ಪ್ರಶ್ನೆ ಕೇಳಿದಾಗ, ತಪ್ಪಾದೀತೆಂದು ಹೆದರಿ ಹುಡುಗ ಬಾಯಿಯೇ ತೆರೆಯುವುದಿಲ್ಲ.

ಆದರೆ ಈ ಅಜ್ಜಿ ಬೆಳಿಗ್ಗೆ ಮೀನಿನವರ ಹತ್ತಿರ ತುಳುವಿನಲ್ಲಿ ಚೌಕಾಸಿ ಮಾಡಿದವರು. ಆಮೇಲೆ ಅಂಗಡಿಯಲ್ಲಿ ಕೊಂಕಣಿಯಲ್ಲಿ ನಾಲ್ಕು ಮಾತಾಡಿ, ಮನೆಗೆ ಬಂದು ಕನ್ನಡ ಪೇಪರ್ ಓದಿದವರು. ಉಡುಪಿ ಜಿಲ್ಲೆಯಲ್ಲಿ ಇಂಥವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಮೂರು ಭಾಷೆಗಳ ವ್ಯಾಕರಣ ತಲೆಯಲ್ಲಿ ಇಟ್ಟುಕೊಂಡವರಿಗೆ ಸಬ್ಜೆಕ್ಟ್ ಗೊತ್ತಿಲ್ಲ ಎಂದರೆ ನಂಬುವುದು ಹೇಗೆ? ಅವರ ಶಾಲೆಯಲ್ಲಿ ಅದಕ್ಕೆ ಕರ್ತೃ ಎನ್ನುತ್ತಿದ್ದರು, ಅಷ್ಟೇ. ಆಬ್ಜೆಕ್ಟ್ ಎಂದರೆ ಕರ್ಮ, ವರ್ಬ್ ಎಂದರೆ ಕ್ರಿಯಾಪದ.

ಈಗ ಅಜ್ಜಿಯ ಅಡುಗೆಮನೆಯಿಂದಲೇ ಒಂದು ವಾಕ್ಯ ತೆಗೆದುಕೊಳ್ಳೋಣ. "ಬೆಕ್ಕು ಬಂಗುಡೆಯನ್ನು ತಿಂದಿತು." ಸ್ವಲ್ಪ ತಿರುಗಿಸಿ: "ಬಂಗುಡೆಯನ್ನು ಬೆಕ್ಕು ತಿಂದಿತು." ಎರಡರಲ್ಲೂ ಹೊಟ್ಟೆ ತುಂಬಿದ್ದು ಬೆಕ್ಕಿನದೇ. ಯಾಕೆಂದರೆ ಬಂಗುಡೆಗೆ 'ಅನ್ನು' ಎಂಬ ಪ್ರತ್ಯಯ ಅಂಟಿಕೊಂಡಿದೆ. ಬಂಗುಡೆ ವಾಕ್ಯದಲ್ಲಿ ಎಲ್ಲಿ ಕೂತರೂ ತಿನ್ನಿಸಿಕೊಂಡದ್ದು ತಾನೇ ಎಂದು ಆ ಪ್ರತ್ಯಯ ಹೇಳುತ್ತದೆ.

ಇಂಗ್ಲಿಷಿನಲ್ಲಿ "ದ ಕ್ಯಾಟ್ ಏಟ್ ದ ಫಿಶ್." ಇದನ್ನು ತಿರುಗಿಸಿ ನೋಡಿ: "ದ ಫಿಶ್ ಏಟ್ ದ ಕ್ಯಾಟ್." ಅಯ್ಯೋ, ಬಂಗುಡೆಯೇ ಬೆಕ್ಕನ್ನು ನುಂಗಿಬಿಟ್ಟಿತು! ಅಲ್ಲಿನ ನಾಮಪದಕ್ಕೆ 'ಅನ್ನು' ಇಲ್ಲ. ಯಾರು ತಿಂದದ್ದು, ಯಾರನ್ನು ತಿಂದದ್ದು ಎಂದು ಕೂತ ಜಾಗವೇ ಹೇಳಬೇಕು. ಮೊದಲು ಕರ್ತೃ, ನಡುವೆ ಕ್ರಿಯೆ, ಆಮೇಲೆ ಕರ್ಮ. ನಮ್ಮ ಕ್ರಿಯಾಪದಕ್ಕೆ ಸಾಮಾನ್ಯವಾಗಿ ಕೊನೆಯ ಜಾಗ, ಅವರದಕ್ಕೆ ನಡುವಿನ ಜಾಗ. ಇಂಗ್ಲಿಷ್ ವಾಕ್ಯದ ಅರ್ಧ ಗುಟ್ಟು ಇದೇ.

ಕರ್ತೃವನ್ನು ಬಿಡುವ ವಿಷಯದಲ್ಲಿಯೂ ಹೀಗೆಯೇ. "ನಿನ್ನೆ ಕಾಪುವಿಗೆ ಹೋದೆ" ಎಂದರೆ ನಮಗೆ ಪೂರ್ತಿ ವಾಕ್ಯ. 'ಹೋದೆ'ಯ ಬಾಲದಲ್ಲಿಯೇ 'ನಾನು' ಇದ್ದಾನೆ. 'ವೆಂಟ್' ಎಂಬ ಪದದಲ್ಲಿ ಯಾರೂ ಇಲ್ಲ. ಅದಕ್ಕೇ ಅಲ್ಲಿ 'ಐ' ಬೇಕು. ಮಳೆ ಬಂದರೂ ಕರ್ತೃ ಬೇಕೇ ಬೇಕು. ನಮ್ಮಲ್ಲಿ ಮಳೆ ತಾನೇ ಬರುತ್ತದೆ, ಅವರಲ್ಲಿ "ಇಟ್ ಈಸ್ ರೈನಿಂಗ್." ಆ 'ಇಟ್' ಯಾರು ಎಂದು ಹುಡುಕಲು ಹೋಗಬೇಡಿ. ಖಾಲಿ ಕುರ್ಚಿಯಲ್ಲಿ ಕೂರಿಸಿದ ಗೊಂಬೆ ಅದು.

ಮಣಿಪಾಲದ ಟೈಗರ್ ಸರ್ಕಲ್‌ನಲ್ಲಿ ನಿಂತರೆ ಇನ್ನೊಂದು ಪಾಠ ಪುಕ್ಕಟೆ. "ಈ ಬಸ್ಸು ಕಾರ್ಕಳಕ್ಕೆ ಹೋಗ್ತದೆ." ಕೊನೆಗೆ ಒಂದು 'ಆ' ಸೇರಿಸಿ: "ಹೋಗ್ತದಾ?" ಪ್ರಶ್ನೆ ತಯಾರು. ಇಂಗ್ಲಿಷಿನವರು ಪ್ರಶ್ನೆಯ ಗುರುತನ್ನು ಮುಂದಕ್ಕೆ ತರುತ್ತಾರೆ. "ದಿಸ್ ಬಸ್ ಗೋಸ್ ಟು ಕಾರ್ಕಳ" ಎಂಬುದು "ಡಸ್ ದಿಸ್ ಬಸ್ ಗೋ ಟು ಕಾರ್ಕಳ?" ಆಗುತ್ತದೆ. ಗಮನಿಸಿ ಮಕ್ಕಳೇ, 'ಗೋಸ್'ನಲ್ಲಿದ್ದ 'ಸ್' ಎದ್ದು ಹೋಗಿ 'ಡಸ್'ನಲ್ಲಿ ಕೂತಿತು. ಒಂದೇ 'ಸ್', ಎರಡು ಕಡೆ ಕೂರುವುದಿಲ್ಲ. ಅವರ ಕ್ರಿಯಾಪದಕ್ಕೆ ವರ್ತಮಾನದಲ್ಲಿ ಇರುವ ಬಾಲ ಹೆಚ್ಚುಕಡಿಮೆ ಇದೊಂದೇ. ಹೋಗ್ತೇನೆ, ಹೋಗ್ತೀ, ಹೋಗ್ತಾನೆ, ಹೋಗ್ತಾಳೆ, ಹೋಗ್ತಾರೆ, ಹೋಗ್ತದೆ ಎಂದು ಇಷ್ಟು ಬಾಲಗಳನ್ನು ಮೂರು ವರ್ಷ ತುಂಬುವಾಗಲೇ ಕಲಿತ ಮಗುವಿಗೆ ಒಂದು 'ಸ್' ಭಾರವಾಗಬಾರದು.

ಇದೆಲ್ಲ ವಾಕ್ಯದ ಆಕಾರದ ಮಾತಾಯಿತು. ವಾಕ್ಯ ಮಾಡುವ ಕೆಲಸ ಬೇರೆಯೇ ಉಂಟು, ನಿಜವಾದ ಎಡವಟ್ಟು ಆಗುವುದು ಅಲ್ಲಿ.

ಮಧ್ಯಾಹ್ನ ಎದುರಾದವರು "ಊಟ ಆಯ್ತಾ?" ಎನ್ನುತ್ತಾರೆ. ತುಳುವಿನಲ್ಲಿ "ವಣಸ್ ಆಂಡಾ?" ಆಕಾರ ಪ್ರಶ್ನೆಯದು. ಕೆಲಸ? ನಿಮ್ಮ ಪದಾರ್ಥದ ಪಟ್ಟಿ ಅವರಿಗೆ ಬೇಕಾಗಿಲ್ಲ. "ನಿಮ್ಮನ್ನು ಕಂಡೆ, ನಾವು ಪರಿಚಯದವರು" ಎನ್ನುವುದಷ್ಟೇ ಅದರ ಕೆಲಸ. ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳ ಜನರೊಡನೆ ಬಾಳಿ ಬಂದ ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ 1923ರಲ್ಲಿ ಇಂಥ ಮಾತಿಗೆ ಒಂದು ಹೆಸರನ್ನೇ ಕೊಟ್ಟರು. ಸುದ್ದಿ ಹೇಳುವುದಕ್ಕಲ್ಲ, ಸಂಬಂಧ ಕಟ್ಟುವುದಕ್ಕೆ ಆಡುವ ಮಾತು ಎಂದು ಅದರ ಅರ್ಥ. ಮುಂದೆ 1960ರಲ್ಲಿ ರೋಮನ್ ಯಾಕಬ್‌ಸನ್ ಭಾಷೆಗೆ ಆರು ಕೆಲಸಗಳನ್ನು ಎಣಿಸಿದರು. ನಮ್ಮ "ಊಟ ಆಯ್ತಾ?"ಕ್ಕೆ ಅದರಲ್ಲಿಯೂ ಜಾಗ ಉಂಟು.

ಹೊರಡುವಾಗ ನಾವು "ಬರ್ತೇನೆ" ಎನ್ನುತ್ತೇವೆ. "ಹೋಗ್ತೇನೆ" ಎಂದರೆ ಅಜ್ಜಿ ಗದರುತ್ತಾರೆ. ಅದನ್ನೇ ಮಣಿಪಾಲಕ್ಕೆ ಓದಲು ಬಂದ ಹೊರನಾಡಿನ ಹುಡುಗನಿಗೆ "ಐ ಆಮ್ ಕಮಿಂಗ್" ಎಂದು ಹೇಳಿ ಹೋಗಿ ನೋಡಿ. ಪಾಪ, ಅವನು ಕಾಯುತ್ತಾ ನಿಂತಾನು.

"ನೀರು ಕೊಡಿ" ಎಂದರೆ ನಮ್ಮಲ್ಲಿ ಮರ್ಯಾದೆಯ ಮಾತು. ತುಳುವಿನಲ್ಲಿ 'ಕೊರ್ಲ', 'ಕೊರ್ಲೆ' ಎಂದು ಎರಡುಂಟು. ಹಿರಿಯರಿಗೆ 'ಕೊರ್ಲೆ'. ಗೌರವ ಕ್ರಿಯಾಪದದ ಒಳಗೇ ಇದೆ. ಇಂಗ್ಲಿಷಿನ 'ಗಿವ್'ಗೆ ಅಂಥ ಎರಡನೇ ರೂಪ ಇಲ್ಲ. "ಗಿವ್ ಮಿ ವಾಟರ್" ವ್ಯಾಕರಣಕ್ಕೆ ಸರಿ, ಕಿವಿಗೆ ಒರಟು. ಅದಕ್ಕೇ ಅವರು 'ಪ್ಲೀಸ್' ಸೇರಿಸುತ್ತಾರೆ, ಅಥವಾ ಅಪ್ಪಣೆಯನ್ನು ಪ್ರಶ್ನೆಯ ಅಂಗಿಯೊಳಗೆ ತೂರಿಸಿ "ಕುಡ್ ಯು ಗಿವ್ ಮಿ ಸಮ್ ವಾಟರ್?" ಎನ್ನುತ್ತಾರೆ. ಅದಕ್ಕೆ "ಯೆಸ್" ಎಂದು ಹೇಳಿ ಸುಮ್ಮನೆ ಕೂತರೆ ಬೈಗುಳ ಗ್ಯಾರಂಟಿ. ನಮ್ಮ ಮಕ್ಕಳ ಇಂಗ್ಲಿಷ್ ಒರಟು ಎನ್ನುವವರು ಇದನ್ನು ತಿಳಿದುಕೊಳ್ಳಬೇಕು. ಮಗು ಮರ್ಯಾದೆ ಬಿಟ್ಟದ್ದಲ್ಲ, ಅದು ಅವಿತುಕೊಂಡಿದ್ದ 'ಇ'ಕಾರ ದಾರಿಯಲ್ಲಿ ಬಿದ್ದುಹೋದದ್ದು.

ಎದುರಿಗೆ ಇಲ್ಲದವರಿಗೆ ಸುದ್ದಿ ಮುಟ್ಟಿಸುವ ಕೆಲಸವೂ ಭಾಷೆಯದೇ. ಕಾರ್ಕಳದ ಗೊಮ್ಮಟನನ್ನು ವೀರಪಾಂಡ್ಯ ನಿಲ್ಲಿಸಿದ್ದು 1432ರಲ್ಲಿ ಎಂದು ನಮಗೆ ತಿಳಿದಿರುವುದು ಅಲ್ಲಿ ಶಾಸನ ಬರೆಸಿಟ್ಟದ್ದರಿಂದ. ಕಾಪುವಿನಲ್ಲಿ 1901ರಿಂದ ನಿಂತಿರುವ ದೀಪಸ್ತಂಭಕ್ಕಂತೂ ಮಾತೇ ಇಲ್ಲ, ಬೆಳಕೇ ಅದರ ಮಾತು. ಮಿಣುಕುವ ಲಯ ಒಂದೊಂದು ದೀಪಸ್ತಂಭಕ್ಕೆ ಒಂದೊಂದು ಬಗೆ. ಅದನ್ನು ಎಣಿಸಿ ನಾವಿಕ ತಾನು ಯಾವ ಊರಿನ ಎದುರಿದ್ದೇನೆ ಎಂದು ತಿಳಿಯುತ್ತಾನೆ.

ಅಜ್ಜಿಯ ಮಾತಿನ ಬೆಲೆ ಅರಿತವರು ನಮ್ಮಲ್ಲೇ ಇದ್ದರು. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಿಂದ 1988ರಿಂದ 1997ರ ನಡುವೆ ಆರು ಸಂಪುಟಗಳ ತುಳು ನಿಘಂಟು ಬಂತು. ಸಂಪಾದಕರು ಡಾ. ಯು.ಪಿ. ಉಪಾಧ್ಯಾಯ. ತುಳು ಶಬ್ದಗಳಿಗೆ ಅದರಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅರ್ಥ ಇದೆ. ಅದಕ್ಕೂ ಮೊದಲು, 1872ರಲ್ಲಿ, ಬಾಸೆಲ್ ಮಿಶನಿನ ಬ್ರಿಗೆಲ್ ತುಳು ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದಿದ್ದರು. ಹುಡುಗ ಇಂದು ಆ ದಡದಿಂದ ಈ ದಡಕ್ಕೆ ಈಜುತ್ತಿದ್ದರೆ, ಬ್ರಿಗೆಲ್ ಈ ದಡದಿಂದ ಆ ದಡಕ್ಕೆ ಈಜಿದವರು.

ಇಂಗ್ಲಿಷಿಗೂ ಕನ್ನಡಕ್ಕೂ ಇಲ್ಲದ ಒಂದು ಸಂಗತಿ ತುಳುವಿನಲ್ಲಿದೆ. 'ನಾವು' ಎನ್ನಲು ಅಲ್ಲಿ ಎರಡು ಪದ. ಕೇಳುವವರನ್ನೂ ಸೇರಿಸಿಕೊಂಡರೆ 'ನಮ', ಅವರನ್ನು ಬಿಟ್ಟರೆ 'ಎಂಕುಳು'. ಇಂದು ಸಂಜೆ ಮೊಮ್ಮಗ ಪುಸ್ತಕ ಹಿಡಿದು, "ವಿ ಆರ್ ಗೋಯಿಂಗ್ ಟು ಕಾಪು ಬೀಚ್" ಎಂದು ಗಟ್ಟಿಯಾಗಿ ಓದಿದರೆ ಅಜ್ಜಿ ಅಡುಗೆಮನೆಯಿಂದಲೇ ಒಂದು ಪ್ರಶ್ನೆ ಕೇಳಬಹುದು.

"ನಮನಾ, ಎಂಕುಳಾ?"

ಉತ್ತರ ಸಿಕ್ಕಿದ ಮೇಲೆ ಸೀರೆ ಬದಲಾಯಿಸುವುದೋ ಬೇಡವೋ ಎಂದು ಅವರು ತೀರ್ಮಾನ ಮಾಡಬೇಕಲ್ಲ!