ಮೂರೂ ಎಂಜಿನ್‌ಗಳಲ್ಲಿ ಆಯಿಲ್ ಸೊನ್ನೆ: ಮೀಟರ್ ಸುಳ್ಳು ಹೇಳಿರಲಿಲ್ಲ!

ಹಾರಾಟದ ನಡುವೆ ವಿಮಾನದ ಒಂದು ಎಂಜಿನ್ ಕೈಕೊಟ್ಟರೂ ಉಳಿದ ಎಂಜಿನ್‌ಗಳ ಬಲದಲ್ಲಿ ಸುರಕ್ಷಿತವಾಗಿ ಇಳಿಯಬಹುದು. ವಿಮಾನಯಾನದ ಸುರಕ್ಷತೆ ಬಹುಮಟ್ಟಿಗೆ ನಿಂತಿರುವುದು ಈ ಲೆಕ್ಕಾಚಾರದ ಮೇಲೆಯೇ. ಆದರೆ ಎಲ್ಲ ಎಂಜಿನ್‌ಗಳಲ್ಲೂ ಒಂದೇ ತಪ್ಪು ನಡೆದಿದ್ದರೆ? ಅಮೆರಿಕದಲ್ಲಿ 1983ರಲ್ಲಿ ನಡೆದದ್ದು ಅದೇ. ರಿಪೇರಿ ಕೆಲಸದ ನಿಯಮಗಳ ಬಗ್ಗೆ ಇಡೀ ಉದ್ಯಮ ಮತ್ತೆ ಯೋಚಿಸುವಂತೆ ಮಾಡಿದ ಪ್ರಕರಣಗಳಲ್ಲಿ ಇದೂ ಒಂದು.

ಅಂದು ಆಗಿದ್ದೇನು?

ಮೇ 5ರ ಬೆಳಗ್ಗೆ ಈಸ್ಟರ್ನ್ ಏರ್‌ಲೈನ್ಸ್‌ನ 855ನೇ ವಿಮಾನ ಮಯಾಮಿಯಿಂದ ಬಹಾಮಾಸ್‌ನ ನಸ್ಸಾವ್‌ಗೆ ಹೊರಟಿತ್ತು. ಮೂರು ಎಂಜಿನ್‌ಗಳ ಲಾಕ್‌ಹೀಡ್ ಎಲ್-1011 ವಿಮಾನವದು. ಸಿಬ್ಬಂದಿ ಸೇರಿ 172 ಮಂದಿ ಇದ್ದರು. ನಸ್ಸಾವ್ ಹತ್ತಿರವಾಗುತ್ತಿದ್ದಂತೆ ಮಧ್ಯದ ಎಂಜಿನ್‌ನ ಆಯಿಲ್ ಒತ್ತಡ ಕುಸಿದಿದೆ ಎಂಬ ಎಚ್ಚರಿಕೆ ದೀಪ ಹೊತ್ತಿಕೊಂಡಿತು. ಪೈಲಟ್‌ಗಳು ಆ ಎಂಜಿನ್ ನಿಲ್ಲಿಸಿದರು. ನಸ್ಸಾವ್‌ನಲ್ಲಿ ಹವಾಮಾನ ಸರಿ ಇಲ್ಲದ ಕಾರಣ ಮಯಾಮಿಗೇ ಮರಳಲು ನಿರ್ಧರಿಸಿದರು.

ಅಷ್ಟರಲ್ಲಿ ಉಳಿದೆರಡು ಎಂಜಿನ್‌ಗಳ ಎಚ್ಚರಿಕೆ ದೀಪಗಳೂ ಹೊತ್ತಿಕೊಂಡವು. ಮೂರೂ ಆಯಿಲ್ ಮೀಟರ್‌ಗಳು ಸೊನ್ನೆ ತೋರಿಸತೊಡಗಿದವು. ಮೂರು ಎಂಜಿನ್‌ಗಳ ಆಯಿಲ್ ಒಟ್ಟಿಗೆ ಖಾಲಿಯಾಗಲು ಹೇಗೆ ಸಾಧ್ಯ? ಮೀಟರ್‌ಗಳಲ್ಲೇ ದೋಷವಿರಬೇಕು ಎಂದು ಸಿಬ್ಬಂದಿ ಶಂಕಿಸಿದರು. ಆದರೆ ಸ್ವಲ್ಪ ಹೊತ್ತಿನಲ್ಲೇ ಎರಡನೇ ಎಂಜಿನ್ ನಿಂತಿತು, ಬಳಿಕ ಮೂರನೆಯದೂ ನಿಂತಿತು.

ಎಂಜಿನ್ ಬಲವೇ ಇಲ್ಲದ ವಿಮಾನ ಸುಮಾರು 13 ಸಾವಿರ ಅಡಿಯಿಂದ 4 ಸಾವಿರ ಅಡಿಗೆ ಇಳಿಯಿತು. ಕೆಳಗೆ ಅಟ್ಲಾಂಟಿಕ್ ಸಾಗರ. ಪ್ರಯಾಣಿಕರು ಲೈಫ್ ಜಾಕೆಟ್ ತೊಟ್ಟು ನೀರಿಗಿಳಿಯಲು ಸಿದ್ಧರಾಗಿದ್ದರು. ಆಗ, ಮೊದಲು ನಿಲ್ಲಿಸಿದ್ದ ಮಧ್ಯದ ಎಂಜಿನ್ ಮತ್ತೆ ಚಾಲೂ ಆಯಿತು. ತೀರಾ ಹಾಳಾಗುವ ಮೊದಲೇ ಅದನ್ನು ಆಫ್ ಮಾಡಿದ್ದೇ ಎಲ್ಲರ ಜೀವ ಉಳಿಸಿತು. ಒಂದೇ ಎಂಜಿನ್‌ನಲ್ಲಿ ವಿಮಾನ ಮಯಾಮಿ ತಲುಪಿತು. ಯಾರಿಗೂ ಗಾಯಗಳಾಗಲಿಲ್ಲ.

ಕಾರಣ: ಪುಟ್ಟ ರಬ್ಬರ್ ಉಂಗುರ

ಎಂಜಿನ್ ಆಯಿಲ್‌ನಲ್ಲಿ ಲೋಹದ ಚೂರುಗಳಿವೆಯೇ ಎಂದು ಪತ್ತೆ ಹಚ್ಚಲು ಆಯಸ್ಕಾಂತ ಇರುವ ಚಿಪ್ ಡಿಟೆಕ್ಟರ್ ಎಂಬ ಸಾಧನವಿರುತ್ತದೆ. ಅದನ್ನು ಆಗಾಗ ಬಿಚ್ಚಿ ಬದಲಿಸಬೇಕು. ಹಾಗೆ ಬದಲಿಸುವಾಗ ಆಯಿಲ್ ಸೋರದಂತೆ ಒ-ರಿಂಗ್ ಎಂಬ ಸೀಲ್ ಇರುವುದು ಕಡ್ಡಾಯ. ಹಿಂದಿನ ರಾತ್ರಿ ಪಾಳಿಯ ಮೆಕ್ಯಾನಿಕ್‌ಗಳು ಮೂರೂ ಎಂಜಿನ್‌ಗಳಿಗೆ ಸೀಲ್ ಇಲ್ಲದ ಡಿಟೆಕ್ಟರ್‌ಗಳನ್ನೇ ಕೂರಿಸಿದ್ದರು. ಸಾಮಾನ್ಯವಾಗಿ ಸೀಲ್ ಸಮೇತವೇ ಕೈಗೆ ಸಿಗುತ್ತಿದ್ದ ಭಾಗ ಅದು. ಹಾಗಾಗಿ ಇರಬಹುದು ಎಂದುಕೊಂಡರೇ ಹೊರತು ಯಾರೂ ನೋಡಲಿಲ್ಲ. ಸೋರಿಕೆ ಪರೀಕ್ಷೆಗೆಂದು ಎಂಜಿನ್‌ಗಳನ್ನು ಕೆಲವೇ ಸೆಕೆಂಡು ತಿರುಗಿಸಿದ್ದರಿಂದ ತಪ್ಪು ಹೊರಬೀಳಲಿಲ್ಲ.

ತನಿಖೆ ನಡೆಸಿದ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಮೆಕ್ಯಾನಿಕ್‌ಗಳನ್ನಷ್ಟೇ ಹೊಣೆ ಮಾಡಲಿಲ್ಲ. ನಿಯಮ ಪಾಲನೆಯಾಗುವಂತೆ ನೋಡಿಕೊಳ್ಳದ ಮೇಲ್ವಿಚಾರಕರನ್ನೂ, ಇಂಥದ್ದೇ ಹಿಂದಿನ ಘಟನೆಗಳ ಗಂಭೀರತೆ ಅರಿಯದ ಆಡಳಿತವನ್ನೂ ದೂರಿತು.

12 ವರ್ಷಗಳ ನಂತರ ಮತ್ತೆ

1995ರ ಫೆಬ್ರವರಿ 23ರಂದು ಬ್ರಿಟಿಷ್ ಮಿಡ್‌ಲ್ಯಾಂಡ್‌ನ ಬೋಯಿಂಗ್ 737-400 ವಿಮಾನದ ಎರಡೂ ಎಂಜಿನ್‌ಗಳಲ್ಲಿ ಆಯಿಲ್ ಖಾಲಿಯಾಗತೊಡಗಿತು. ಹಿಂದಿನ ರಾತ್ರಿ ಎರಡೂ ಎಂಜಿನ್‌ಗಳ ಒಳಭಾಗ ಪರಿಶೀಲಿಸಿದವರು ಮುಚ್ಚಳಗಳನ್ನು ಮರಳಿ ಹಾಕಿರಲಿಲ್ಲ. ಕೊನೆಯಲ್ಲಿ ಎಂಜಿನ್ ಚಾಲೂ ಮಾಡಿ ನೋಡಬೇಕಿದ್ದ ಪರೀಕ್ಷೆಯೂ ನಡೆದಿರಲಿಲ್ಲ. ಪೈಲಟ್‌ಗಳು ಪ್ರಯಾಣ ಕೈಬಿಟ್ಟು ಲ್ಯೂಟನ್‌ನಲ್ಲಿ ಇಳಿಸಿದ್ದರಿಂದ 189 ಮಂದಿ ಪಾರಾದರು.

ಈಗ ಇರುವ ನಿಯಮವೇನು?

ಇಂದು ಸಾಗರಗಳನ್ನು ದಾಟುವ ಬಹುತೇಕ ವಿಮಾನಗಳಿಗೆ ಇರುವುದು ಎರಡೇ ಎಂಜಿನ್. ಹತ್ತಿರದಲ್ಲಿ ವಿಮಾನ ನಿಲ್ದಾಣವಿಲ್ಲದ ಇಂಥ ಮಾರ್ಗಗಳ ಹಾರಾಟಕ್ಕೆ ನಿರ್ವಹಣೆಯ ನಿಯಮಗಳೂ ಬಿಗಿಯಾಗಿವೆ. ಒಂದೇ ಬಾರಿಗೆ ಎರಡೂ ಎಂಜಿನ್‌ಗಳಲ್ಲಿ ಒಂದೇ ಬಗೆಯ ಕೆಲಸ ಮಾಡುವುದನ್ನು ಆದಷ್ಟು ತಪ್ಪಿಸಬೇಕು. ಅನಿವಾರ್ಯವಾದರೆ ಬೇರೆ ಬೇರೆ ತಂತ್ರಜ್ಞರು ಮಾಡಬೇಕು, ಇಲ್ಲವೇ ಇನ್ನೊಬ್ಬ ಅರ್ಹ ವ್ಯಕ್ತಿಯ ಮೇಲ್ವಿಚಾರಣೆಯಲ್ಲಿ ನಡೆಯಬೇಕು. ಕೆಲಸ ಮುಗಿದ ಮೇಲೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು.

ಇದು ತಂತ್ರಜ್ಞರ ಮೇಲಿನ ಅಪನಂಬಿಕೆಯಲ್ಲ. ರಾತ್ರಿ ಪಾಳಿಯ ಆಯಾಸ, ಗಡಿಬಿಡಿ, ಅರ್ಧಕ್ಕೆ ಕೈ ಬದಲಾಯಿಸಿದ ಕೆಲಸ, ಇವು ಎಂಥ ಅನುಭವಿಯನ್ನೂ ಎಡವಿಸಬಲ್ಲವು. ಒಬ್ಬರ ಮರೆವು ಒಂದು ಎಂಜಿನ್‌ಗೇ ಸೀಮಿತವಾದರೆ ಪೈಲಟ್‌ಗೆ ಇನ್ನೊಂದು ಉಳಿದಿರುತ್ತದೆ. ನಿಯಮ ಕಾಪಾಡುವುದು ಆ ಇನ್ನೊಂದನ್ನು.