ಶುಗರ್ ಇದ್ದವರಿಗೆ ಇಂಪ್ಲಾಂಟ್ ಹಲ್ಲು: ಮಾವ ಮಾಡಿಸದೇ ಬಿಟ್ಟ ಒಂದು ಟೆಸ್ಟ್

ಇವತ್ತಿನ ಎಪಿಸೋಡ್ ಶುರುವಾಗಿದ್ದು ಹೊನ್ನಾವರದ ನಮ್ಮ ಮಾವನ ಮನೆ ಜಗಲಿಯಲ್ಲಿ. ಮಾವನಿಗೆ ಎರಡು ದವಡೆ ಹಲ್ಲಿಲ್ಲ, 12 ವರ್ಷದಿಂದ ಶುಗರ್ ಇದೆ. "ಇಂಪ್ಲಾಂಟ್ ಹಾಕಿಸೋದು. ಟೆಸ್ಟಿಗೆ ಮೊದಲು ಎರಡು ದಿನ ಅನ್ನ ಬಿಟ್ರೆ ಶುಗರ್ ನಾರ್ಮಲ್ ಬರ್ತದೆ ಮಾರಾಯ" ಅಂದ್ರು.

ಎಡವಟ್ಟಾಗೋದು ಇಲ್ಲೇ. ನಾನು ಬಿ.ಕಾಂ. ಓದಿದವನು, ಡಾಕ್ಟರ್ ಅಲ್ಲ. ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ. ಖಾಲಿ ಹೊಟ್ಟೆಯ ಟೆಸ್ಟ್ ಅಂದ್ರೆ ಇವತ್ತು ಜೇಬಲ್ಲಿರೋ ದುಡ್ಡು. ಎಚ್‌ಬಿಎ1ಸಿ ಅಂದ್ರೆ ಸುಮಾರು 3 ತಿಂಗಳ ಪಾಸ್‌ಬುಕ್. ಎರಡು ದಿನದ ಉಪವಾಸ ಅದನ್ನ ಬದಲಾಯಿಸೋದಿಲ್ಲ.

ಪಾಸ್‌ಬುಕ್ ಯಾಕೆ ಬೇಕು? ಇಂಪ್ಲಾಂಟ್ ಅಂದ್ರೆ ದವಡೆ ಮೂಳೆಗೆ ಕೂರಿಸೋ ಟೈಟೇನಿಯಂ ಸ್ಕ್ರೂ. ಅದನ್ನ ಹಿಡಿದು ನಿಲ್ಲಿಸೋದು ಗಮ್ ಅಲ್ಲ, ಸುತ್ತ ಬೆಳೆದು ಅಂಟಿಕೊಳ್ಳೋ ಮೂಳೆ. ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಹಾಕಿದ್ದೂ ಇದೇ ನಂಬಿಕೆಯ ಮೇಲೆ. ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. ಶುಗರ್ ಏರಿದ್ರೆ ಮೂಳೆ ಕಟ್ಟೋ ಕೆಲಸ ನಿಧಾನ, ಬಿಳಿ ರಕ್ತಕಣಗಳೂ ಸೋಮಾರಿ.

ಹಾಗಂತ ಶುಗರ್ ಇದ್ದವರಿಗೆ ಆಗೋದೇ ಇಲ್ಲ ಅನ್ನೋದು ಹಳೇ ಮಾತು. ಹತೋಟಿಯಲ್ಲಿದ್ರೆ ಮೊದಲ ವರ್ಷಗಳ ಫಲಿತಾಂಶ ಉಳಿದವರಷ್ಟೇ ಚೆನ್ನಾಗಿರುತ್ತೆ. ತೊಂದರೆ ಆಮೇಲಿನದು: ಹತೋಟಿ ತಪ್ಪಿದ್ರೆ ಸ್ಕ್ರೂ ಸುತ್ತಲಿನ ವಸಡು ಊದಿ, ಮೂಳೆ ಸವೆದು, ನೋವೇ ಇಲ್ಲದೆ ಸಡಿಲ ಆಗಬಹುದು. ಇದರ ಜೊತೆ ತಂಬಾಕಿನ ಕವಳ ಇದ್ರೆ ಕೇಳೋದೇ ಬೇಡ. (ನಮ್ಮ ಮಾವನ ಕವಳದ ಸಂಚಿ ಅವರ ಮೊಬೈಲ್‌ಗಿಂತ ಹತ್ತಿರ ಇರುತ್ತೆ.)

ಭಟ್ಕಳ, ಕುಮಟಾದವರಿಗೆ ಇನ್ನೊಂದು ಮಾತು. ದೊಡ್ಡ ಕೆಲಸಕ್ಕೆ ನಾವು ಮಣಿಪಾಲ, ಮಂಗಳೂರು, ಧಾರವಾಡ ಅಂತ ಓಡ್ತೀವಿ. ಬೆಳಗಿನ ಬಸ್ಸಿನ ಗಡಿಬಿಡಿಯಲ್ಲಿ ಇನ್ಸುಲಿನ್ ತಗೊಂಡು ತಿಂಡಿ ಬಿಟ್ಟರೆ ಕುರ್ಚಿಯಲ್ಲೇ ಶುಗರ್ ಇಳಿದು ತಲೆ ಸುತ್ತಬಹುದು. ಆವತ್ತು ಏನು ತಿನ್ನಬೇಕು, ಔಷಧಿ ಎಷ್ಟು ಅಂತ ಹಿಂದಿನ ದಿನವೇ ಶುಗರ್ ಡಾಕ್ಟರನ್ನ ಕೇಳಿ. ಮನೆಯಿಂದ ಒಬ್ಬರು ಜೊತೆಗೆ ಹೋಗಿ. ಹಾಕಿಸಿದ ಮೇಲೂ ಹಲ್ಲುಜ್ಜೋದು, ಆಗಾಗ ತೋರಿಸೋದು ತಪ್ಪಬಾರದು. ಇಂಪ್ಲಾಂಟಿಗೆ ಹುಳುಕು ಹಿಡಿಯಲ್ಲ ನಿಜ, ವಸಡಿಗೆ ಕಾಯಿಲೆ ಬರುತ್ತೆ.

ಮಾವನ ಎಚ್‌ಬಿಎ1ಸಿ 9.4 ಬಂತು. ಮೂರು ತಿಂಗಳು ಬಿಟ್ಟು ಬನ್ನಿ ಅಂದ್ರು ದಂತವೈದ್ಯರು. ಮಾವ ಒಂದು ವಾರ ನನ್ನ ಹತ್ರ ಮಾತಾಡಲಿಲ್ಲ. ಈಗ ಸಂಜೆ ಶರಾವತಿ ಸೇತುವೆ ಕಡೆ ವಾಕಿಂಗ್ ಹೋಗ್ತಾರಂತೆ, ಅತ್ತೆ ಹೇಳಿದ್ರು. ಸಂಚಿ ಜೊತೆಗೇ.